ಕಿರೀಟ ಬಂತು, ಪಾದ ಬರಲಿಲ್ಲ

ನಾನು ಬಹಳ ಸುಲಭವಾಗಿ ಬೆರಗಾಗುವ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಬರೆಯುವುದನ್ನೆಲ್ಲ ನೀವು ಉತ್ಪ್ರೇಕ್ಷೆ ಅಂದುಕೊಳ್ಳುತ್ತೀರಿ. ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದಾಗ ಇಲ್ಲಿ ಗ್ಯಾಸ್ ಒಲೆ ಹೊಸದು. ಊದುವ ಕೆಲಸವಿಲ್ಲದೆ, ಕಣ್ಣು ಉರಿಯದೆ, ನೀಲಿ ಹೂವಿನಂತೆ ಅರಳುತ್ತಿದ್ದ ಆ ಬೆಂಕಿಯನ್ನು ನೋಡಲೆಂದೇ ಬೇಡದ ಹೊತ್ತಿನಲ್ಲೂ ಕಾಫಿಗೆ ನೀರಿಡುತ್ತಿದ್ದೆ. ಮಿಕ್ಸಿ ಬಂದ ವಾರ ಮನೆಯಲ್ಲಿ ಎಲ್ಲಕ್ಕೂ ಚಟ್ನಿ. ಆಗ ನಮ್ಮತ್ತೆ, "ಇವಳಿಗೆ ಲೈಟ್ ಸ್ವಿಚ್ ಹಾಕಿದ್ರೂ ಕೈ ಮುಗೀಬೇಕು ಅನ್ಸುತ್ತೆ" ಎಂದು ಪಕ್ಕದ ಮನೆಯವರಿಗೆ ಹೇಳಿದ್ದುಂಟು. ಅದು ಬೈಗುಳವೋ ಹೊಗಳಿಕೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥವಳ ಮನೆಗೆ ಕಂಪ್ಯೂಟರ್ ಬಂದರೆ ಏನಾಗಬೇಕು. ನಮ್ಮ ಯಜಮಾನರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅಲ್ಲಿ ಹೊಸದು ತಂದಾಗ ಹಳೆಯದನ್ನು ಕೆಲಸಗಾರರಿಗೇ ಕೊಟ್ಟರಂತೆ. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಹಂಪ್‌ಗೂ ಡ್ರೈವರನನ್ನು ಗದರುತ್ತಾ ತಂದರು. ಹಾಲ್‌ನಲ್ಲಿ ಟಿವಿಗೂ ಶೋಕೇಸಿಗೂ ನಡುವೆ ಅದಕ್ಕೆ ಜಾಗವಾಯಿತು. ಮಾನಿಟರಿಗೆ ನಾನೇ ಹೆಣೆದ ಕ್ರೋಶಾ ಮುಸುಕು, ಸ್ಟೆಬಿಲೈಸರಿಗೆ ಅರಿಶಿನ ಕುಂಕುಮ. ಆಮೇಲೆ ಫೋನಿನ ತಂತಿ ಸಿಕ್ಕಿಸಿ, ಗಂಟೆ ಲೆಕ್ಕದ ಇಂಟರ್‌ನೆಟ್ ಪ್ಯಾಕ್ ಹಾಕಿಸಿದರು. ಯಜಮಾನರು ಎರಡು ದಿನ ಅದರ ಮುಂದೆ ಕೂತು, ಷೇರು, ಕ್ರಿಕೆಟ್ ನೋಡಿ, "ಟಿವಿಯಲ್ಲೇ ಬರುತ್ತಲ್ಲ" ಎಂದು ಎದ್ದುಹೋದರು. ನಾನು ಕೂತವಳು ಏಳಲಿಲ್ಲ.

ಏಳುವುದಾದರೂ ಹೇಗೆ ಹೇಳಿ. ಒಂದು ವೆಬ್‌ಸೈಟಿನಲ್ಲಿ ಭೂಮಿಯ ಎಲ್ಲ ಊರುಗಳ ಗಡಿಯಾರ ಒಟ್ಟಿಗೆ ಇರುತ್ತಿತ್ತು. ನಾನು ಹುರುಳಿಕಾಯಿ ಸೋಸುತ್ತಾ ಕೂತಿರುವಾಗ ಯಾವುದೋ ಊರಿನಲ್ಲಿ ಜನ ಹೊದ್ದು ಮಲಗಿದ್ದಾರೆ ಎಂಬುದು ಶಾಲೆಯಲ್ಲಿ ಓದಿದ್ದ ವಿಷಯವೇ. ಆದರೆ ಓದುವುದು ಬೇರೆ, ಅವರ ಮುಳ್ಳು ನಮ್ಮ ಮುಳ್ಳಿನ ಪಕ್ಕದಲ್ಲೇ ಓಡುವುದನ್ನು ನೋಡುವುದು ಬೇರೆ. ಇನ್ನೊಂದರಲ್ಲಿ ಆಫ್ರಿಕದ ಒಂದು ನೀರಿನ ಹೊಂಡಕ್ಕೆ ಕ್ಯಾಮೆರಾ ಇಟ್ಟಿದ್ದರು. ನಿಮಿಷಕ್ಕೊಮ್ಮೆ ಚಿತ್ರ ಬದಲಾಗುತ್ತಿತ್ತು. ಬಹುಪಾಲು ಬರೀ ಕೆಸರು. ಒಮ್ಮೆ ಮಾತ್ರ ಮೂಲೆಯಲ್ಲಿ ಬೂದುಬಣ್ಣದ್ದೇನೋ ಕಂಡಿತು. ಮುಂದಿನ ಚಿತ್ರ ಬರುವಷ್ಟರಲ್ಲಿ ನನ್ನ ಸಾರು ಉಕ್ಕಿ ಒಲೆ ಆರಿತು. ಆದರೆ ಅದು ಆನೆಯೇ ಆಗಿತ್ತು, ನೀರು ಕುಡಿಯುತ್ತಿತ್ತು, ನಾನು ನೋಡಿದೆ. ಕಲೆ ತೆಗೆಯುವ ಉಪಾಯ ಹೇಳಿಕೊಡುವ ಸೈಟ್ ಒಂದಿತ್ತು. ಅಮೆರಿಕದ ಯಾವಳೋ ಒಬ್ಬ ಗೃಹಿಣಿ, ಅರಿಶಿನದ ಕಲೆಯಾದರೆ ಒಗೆದು ಬಿಸಿಲಿಗೆ ಹಾಕಿ ಎಂದು ಬರೆದಿದ್ದಳು. ನಮ್ಮಜ್ಜಿಗೂ ಗೊತ್ತಿದ್ದ ವಿಷಯ. ಆದರೂ ಅಷ್ಟು ದೂರದಲ್ಲೂ ಒಬ್ಬಳ ಸೆರಗಿಗೆ ಅರಿಶಿನ ಹತ್ತುತ್ತದಲ್ಲ ಎಂದು ನಾನು ಸಂಜೆಯವರೆಗೂ ಅದನ್ನೇ ನೆನೆಯುತ್ತಿದ್ದೆ. ಎಲ್ಲಕ್ಕಿಂತ ಉಪಯುಕ್ತವಾದದ್ದು, ಚಂದ್ರನ ಮೇಲೆ ನಿಮ್ಮ ತೂಕ ಎಷ್ಟು ಎಂದು ಲೆಕ್ಕ ಹಾಕಿಕೊಡುವ ಸೈಟ್. ನಮ್ಮ ಬೀದಿಯ ಡಾಕ್ಟರು ನನ್ನ ತೂಕದ ಬಗ್ಗೆ ಏನಾದರೂ ಅಂದ ದಿನವೆಲ್ಲ ಮನೆಗೆ ಬಂದು ಅದನ್ನು ತೆರೆಯುತ್ತಿದ್ದೆ. ಅಲ್ಲಿ ನಾನು ಒಂದು ಪುಟ್ಟ ಅಕ್ಕಿಮೂಟೆಯಷ್ಟೇ ಇದ್ದೆ.

ನಮ್ಮತ್ತೆಗೆ ಇದ್ಯಾವುದೂ ಹಿಡಿಸಲಿಲ್ಲ. ಕಂಪ್ಯೂಟರಿಗೆ ಅವರು 'ಡಬ್ಬ' ಅನ್ನುತ್ತಿದ್ದರು. ಅವರ ಮನಸ್ಸು ಬೇರೆ ಕಡೆ ಇತ್ತು. ನಮ್ಮ ಮನೆದೇವರು ನರಸಿಂಹಸ್ವಾಮಿ ಇರುವುದು ಒಂದು ಬೆಟ್ಟದ ಮೇಲೆ. ಪ್ರತಿ ಯುಗಾದಿಗೂ ಅತ್ತೆ ಮೆಟ್ಟಿಲು ಹತ್ತಿ ಸ್ವಾಮಿಯ ಪಾದ ನೋಡಿ, ಅಲ್ಲೇ ಬೇವುಬೆಲ್ಲ ತಿನ್ನುವುದು ಅವರು ಸೊಸೆಯಾಗಿ ಬಂದಾಗಿನಿಂದ ನಡೆದುಬಂದ ಪದ್ಧತಿ. ಹಿಂದಿನ ವರ್ಷ ಅರ್ಧ ಮೆಟ್ಟಿಲಿಗೇ ಮಂಡಿ ಹಿಡಿದುಕೊಂಡು ಕೂತುಬಿಟ್ಟಿದ್ದರು. ಈ ಸಲ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಅಂದಿನಿಂದ ಅತ್ತೆ ಊಟಕ್ಕೆ ಕೂತರೂ ತಟ್ಟೆಯಲ್ಲಿ ಬೆರಳಾಡಿಸುವುದು, ಕರೆದರೆ ಎರಡನೇ ಸಲಕ್ಕೆ ಓಗೊಡುವುದು. "ದೇವರ ಮನೇಲಿ ಅದೇ ಸ್ವಾಮಿ ಪಟ ಇದೆಯಲ್ಲ ಅತ್ತೆ" ಎಂದು ನಾನೊಮ್ಮೆ ಸಮಾಧಾನ ಹೇಳಹೋದೆ.

"ಪಟದಲ್ಲಿರೋ ಸ್ವಾಮಿ ನಮ್ಮನೇಲೇ ಇರೋರು ಕಣೇ ಶಾರದಾ. ದಿನಾ ನಮ್ಮ ಒಗ್ಗರಣೆ ವಾಸನೆ ಕುಡ್ಕೊಂಡು ಇರ್ತಾರೆ. ಅಲ್ಲಿರೋರು ಬೆಟ್ಟದೋರು. ಹಬ್ಬದ ದಿನ ನಾವು ಹೋಗಿ ನೋಡ್ಬೇಕು" ಎಂದರು.

ಆ ಮಧ್ಯಾಹ್ನ ಸುಮ್ಮನೆ ಬೆಟ್ಟದ ಹೆಸರನ್ನು ಕಂಪ್ಯೂಟರಿನಲ್ಲಿ ಹೊಡೆದೆ. ಇತ್ತು. ಯಾರೋ ಪುಣ್ಯಾತ್ಮ ಭಕ್ತರು ದೇವಸ್ಥಾನದ್ದೇ ಒಂದು ವೆಬ್‌ಸೈಟ್ ಮಾಡಿದ್ದರು. ಎರಡು ಬದಿಗೆ ದೀಪಗಳು ಎಣ್ಣೆ ಹಾಕುವವರಿಲ್ಲದೆ ಮಿಣಮಿಣ ಉರಿಯುತ್ತಿದ್ದವು. ನಡುವೆ 'ಇಂದಿನ ದರ್ಶನ' ಎಂದು ಬರೆದಿತ್ತು. ಪ್ರತಿದಿನ ಬೆಳಿಗ್ಗೆ ಅಲಂಕಾರವಾದ ಮೇಲೆ ಹೊಸ ಫೋಟೋ ಹಾಕುತ್ತಾರಂತೆ. ಓಡಿಹೋಗಿ ಅತ್ತೆಗೆ ಹೇಳಿದೆ. ಅವರು ಕೈಲಿದ್ದ ಹೂಬತ್ತಿ ಕೆಳಗಿಟ್ಟು, "ಹಬ್ಬದ ದಿನದ್ದು ಹಬ್ಬದ ದಿನವೇ ಬರುತ್ತಾ?" ಎಂದು ಕೇಳಿದರು. ಬರುತ್ತದೆ ಅಂದೆ. "ಹಾಗಾದ್ರೆ ಸರಿ. ಪಾದ ನೋಡಿದ ಮೇಲೇ ಬೇವುಬೆಲ್ಲ" ಎಂದು ತೀರ್ಮಾನ ಕೊಟ್ಟರು. ಅಂದು ರಾತ್ರಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಆಯಿತು. ಅತ್ತೆ ರೇಷ್ಮೆ ಸೀರೆಯುಟ್ಟು, ಹಾಲ್‌ನಲ್ಲಿ ಮಣೆ ಹಾಕಿಸಿಕೊಳ್ಳಲು ಮಂಡಿ ಒಪ್ಪದ್ದರಿಂದ ಕುರ್ಚಿಯಲ್ಲೇ ಕೈ ಮುಗಿದು ಕೂತರು. ಕ್ರೋಶಾ ಮುಸುಕು ತೆಗೆದೆ. ಮೋಡೆಮ್ ಎಂದಿನಂತೆ ಕೀಚಿ, ಕೆಮ್ಮಿ, ಕರಕರ ಹಲ್ಲು ಕಡಿದು ಸುಮ್ಮನಾಯಿತು. ಪುಟ ತೆರೆಯಿತು. ಪಾದದ ಭಾಗ ಕೆಳಗೆ ಮುಚ್ಚಿಹೋಗದಂತೆ ಪುಟವನ್ನು ಸರಿಪಡಿಸಿದೆ. ಖಾಲಿ ಚೌಕಟ್ಟಿನ ಮೇಲಂಚಿನಿಂದ ಚಿತ್ರ ಇಳಿಯತೊಡಗಿತು.

ಆಗ ಯಾವತ್ತೂ ಹಾಗೇ, ಚಿತ್ರಗಳು ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಬರುತ್ತಿದ್ದವು, ಸೀರೆ ನೇಯ್ದ ಹಾಗೆ. ಕಿರೀಟದ ತುದಿ ಕಂಡದ್ದೇ ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

"ಏನೇ ಇದು, ತಲೆಯಿಂದ ಶುರುವಾಯ್ತಲ್ಲ. ಮೊದಲು ಪಾದ ಕಣೇ. ಪಾದ ನೋಡಿ, ಆಮೇಲೆ ಮೆಲ್ಲಗೆ ಮೇಲಕ್ಕೆ ಹೋಗ್ಬೇಕು. ಬಂದ ತಕ್ಷಣ ತಲೆಯೆತ್ತಿ ದೇವರ ಮುಖ ನೋಡಕ್ಕಾಗುತ್ತಾ?"

"ಇದು ಬರೋದೇ ಹೀಗೆ ಅತ್ತೆ."

"ಹಾಗಿದ್ರೆ ಪಾದ ಬಂದಾಗ ಹೇಳು. ಅಲ್ಲೀವರೆಗೂ ನಾನು ಕಣ್ಣು ಬಿಡಲ್ಲ."

ನಾನು ವರದಿ ಒಪ್ಪಿಸತೊಡಗಿದೆ. ಕಿರೀಟ ಬಂತು. ನಾಮ ಬಂತು. "ಈಗ?" "ಕಿವಿ, ಅತ್ತೆ." "ಈಗ?" "ಇನ್ನೂ ಕಿವೀನೇ." ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಯಜಮಾನರು ಒಬ್ಬಟ್ಟಿನ ಡಬ್ಬಿಯ ಕಡೆಗೊಮ್ಮೆ ದೇವರ ಕಡೆಗೊಮ್ಮೆ ನೋಡುತ್ತಿದ್ದರು. ಮೀಸೆ ಬಂತು, ಹಾರ ಬಂತು, ನಡುಪಟ್ಟಿ ಬಂತು. ಅಲ್ಲಿಗೆ ನಿಂತೇಹೋಯಿತು. ಲೈನ್ ಕಟ್.

ಕಾರಣ ನನಗೆ ತಕ್ಷಣ ಹೊಳೆಯಿತು. ನಮ್ಮ ಕೆಳಗಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವವರು ಗದಗ ಕಡೆಯ ಗಿರಿಜವ್ವ. ಅವರಿಗೆ ಬೇರೆ ಫೋನ್ ಇಲ್ಲ. ಊರಿನವರಿಗೆಲ್ಲ ನಮ್ಮ ನಂಬರನ್ನೇ ಕೊಟ್ಟಿದ್ದಾರೆ. ಪ್ರತಿ ಸಲ ಮೆಟ್ಟಿಲ ಬಳಿ ನಿಂತು ಕೂಗುವುದು ಯಾಕೆಂದು ಯಜಮಾನರು ಒಂದು ಪ್ಯಾರಲಲ್ ತಂತಿ ಎಳೆದು ಅವರ ಮನೆಯಲ್ಲೂ ಒಂದು ಫೋನ್ ಇಟ್ಟಿದ್ದರು. ಅವರು ಅದನ್ನು ಎತ್ತಿದರೆ ನಮ್ಮ ಇಂಟರ್‌ನೆಟ್ ಸತ್ತಂತೆಯೇ. ಓಡಿಹೋದೆ.

"ಫೋನ್ ಎತ್ತಿದ್ರಾ ಗಿರಿಜವ್ವ?"

"ಹೂನ್ರಿ ಅಕ್ಕಾರ. ಹಬ್ಬಕ್ಕ ನಮ್ಮಣ್ಣ ಮಾಡ್ತೀನಿ ಅಂದಿದ್ದ. ಫೋನಿಗೆ ಜೀವ ಐತೋ ಇಲ್ಲೋ ಅಂತ ಎತ್ತಿ ನೋಡಿದೆ. ಒಳಗ ಯಾರೋ ಸುಂಯ್ ಅಂತ ಉಸುರು ಬಿಡಾಕತ್ತಿದ್ರು. ನಿಮ್ಮ ಮಂದಿ ಅಂತ ತಿಳದು ಹಬ್ಬದ ಶುಭಾಶಯ ಹೇಳಿ ಇಟ್ಟೆ ನೋಡ್ರಿ."

ವಿಷಯ ಹೇಳಿದೆ. ಗಿರಿಜವ್ವ ಕೆನ್ನೆ ಬಡಿದುಕೊಂಡರು. ಆದರೂ ಅಣ್ಣನ ಫೋನಿಗೆ ಕಾದವರನ್ನು ತಡೆಯುವುದು ಹೇಗೆಂದು ನಾನು ಹಿಂದೆಮುಂದೆ ನೋಡುತ್ತಿದ್ದರೆ ಅವರೇ, "ಅಣ್ಣ ಎಂಗೇಜ್ ಬಂದ್ರ ಮತ್ತ ಮಾಡ್ತಾನ. ದೇವ್ರು ಮತ್ತ ಮಾಡ್ತಾನೇನ್ರಿ" ಎಂದು ಬಾಗಿಲಿಗೆ ಚಿಲಕ ಹಾಕಿ, ನನ್ನ ಹಿಂದೆಯೇ ಮೇಲೆ ಬಂದು, ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಅತ್ತೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮುಖ ಮಾತ್ರ ಬಾಡಿತ್ತು. "ಅರ್ಧಕ್ಕೇ ನಿಂತ್ಹೋಯ್ತಾ? ಹೋದ್ವರ್ಷದ ಹಾಗೇ" ಎಂದರು.

ಯಜಮಾನರಿಗೆ ಆ ಮಾತು ನಾಟಿರಬೇಕು. ಅವರ ದುಃಖ ಯಾವಾಗಲೂ ಸ್ಪ್ಯಾನರ್ ಹುಡುಕುತ್ತದೆ. "ಅಮ್ಮ, ಮಾನಿಟರನ್ನೇ ತಲೆಕೆಳಗೆ ಮಾಡಿ ಇಡ್ತೀನಿ. ಫ್ಯಾಕ್ಟರೀಲಿ ಪಾರ್ಟ್ ಕೂರದಿದ್ರೆ ಮಗುಚಿ ಹಾಕ್ತೀವಿ" ಎಂದು ದಿಂಬು ಕೂಡ ತಂದರು.

"ಲೋ ಸೀನ, ಹಬ್ಬದ ದಿನ ಸ್ವಾಮಿಗೆ ಶೀರ್ಷಾಸನ ಹಾಕಿಸ್ತೀಯಾ? ದಿಂಬು ಒಳಗಿಡು."

ಮತ್ತೆ ಮೋಡೆಮ್ ಕೀಚಿತು. ಮತ್ತೆ ಕಿರೀಟ. ಅತ್ತೆಗೆ ಈಗ ಕಣ್ಣು ಮುಚ್ಚಿ ಮುಚ್ಚಿ ಸಾಕಾಗಿತ್ತು. "ಅಲ್ವೇ, ದೇವಸ್ಥಾನದಲ್ಲಿ ಅಲಂಕಾರ ಆಗೋವಾಗ ನಮಗೆ ಕಣ್ಣು ಮುಚ್ಕೊಳ್ಳಿ ಅಂತಾರಾ? ತೆರೆ ಹಾಕ್ತಾರಲ್ವಾ. ಆ ಡಬ್ಬಕ್ಕೂ ಒಂದು ತೆರೆ ಹಾಕೇ" ಎಂದರು. ಬೀರುವಿನಲ್ಲಿ ಯಾರೋ ಮಡಿಲು ತುಂಬಿದ್ದ ಹಸಿರು ರವಿಕೆ ಕಣ ಒಂದಿತ್ತು. ಅದನ್ನು ಮಾನಿಟರಿನ ಮೇಲೆ ಇಳಿಬಿಟ್ಟು, ಜಾರದಂತೆ ಕುಟ್ಟಾಣಿ ಹೇರಿದೆ. ಅತ್ತೆ ಕಣ್ಣು ಬಿಟ್ಟು ನೆಮ್ಮದಿಯಾಗಿ ಉಸಿರುಬಿಟ್ಟರು. ತೆರೆಯ ಮುಂದೆ ಕಾಯುವುದು ಅವರಿಗೆ ಅಭ್ಯಾಸವಿದ್ದ ಕೆಲಸ. ಗಿರಿಜವ್ವ ಸಣ್ಣ ದನಿಯಲ್ಲಿ ದೇವರ ಪದ ಹೇಳತೊಡಗಿದರು. ನಾನು ಅರ್ಚಕರ ಹಾಗೆ ಪಕ್ಕದಿಂದ ಬಟ್ಟೆ ಸರಿಸಿ ಇಣುಕುತ್ತಾ ಹಾರ, ನಡುಪಟ್ಟಿ, ಪಂಚೆಯ ಜರಿ ಎಂದು ಹೇಳುತ್ತಾ ಹೋದೆ. ಕೊನೆಗೊಮ್ಮೆ ಚೌಕಟ್ಟು ತುಂಬಿತು.

"ಬಂತು ಅತ್ತೆ."

ಅವರೇ ಎದ್ದು ಬಂದರು. ಬಟ್ಟೆಯ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಬೆರಳಿನಷ್ಟು ಎತ್ತಿದರು. ಅಲ್ಲಿ ಪಾದವಿರಲಿಲ್ಲ. ಚಿತ್ರಕ್ಕೂ ಕೆಳಗೆ, ಕರಿಯ ಪಟ್ಟಿಯ ಮೇಲೆ ಹಳದಿ ಅಂಕಿಗಳು ಸಾಲಾಗಿ ಕೂತಿದ್ದವು. ಆ ಪುಟವನ್ನು ನೋಡಿದವರಲ್ಲಿ ನೀವು ಎಷ್ಟನೆಯವರು ಎಂದು ತೋರಿಸುವ ಮೀಟರು. ಆಗ ಎಲ್ಲ ಸೈಟುಗಳಲ್ಲೂ ಇರುತ್ತಿತ್ತು, ನಾನು ಒಂದು ದಿನವೂ ಅದನ್ನು ಲೆಕ್ಕಕ್ಕಿಟ್ಟವಳಲ್ಲ.

"ಇದೇನೇ ನಂಬರು?"

"ನಮಗಿಂತ ಮೊದಲು ಅಷ್ಟು ಜನ ಬಂದು ನೋಡ್ಕೊಂಡು ಹೋಗಿದಾರೆ ಅತ್ತೆ. ನಾವು ಅಷ್ಟನೆಯವರು."

ಅತ್ತೆ ಆ ಅಂಕಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇಷ್ಟು ಜನಾನಾ. ಒಬ್ಬರದ್ದೂ ಮೊಣಕೈ ತಾಗ್ಲಿಲ್ಲ ನೋಡು. ಮೆಟ್ಟಿಲು ಹತ್ತಕ್ಕಾಗದೋರು ನನ್ನ ಹಾಗೆ ಎಷ್ಟೊಂದು ಜನ ಇದಾರೆ ಪಾಪ" ಎಂದರು.

ಆನೆ ನೋಡಿದ್ದೆ, ಜಗತ್ತಿನ ಗಡಿಯಾರ ನೋಡಿದ್ದೆ, ಚಂದ್ರನ ಮೇಲೆ ತೂಗಿಸಿಕೊಂಡು ಬಂದಿದ್ದೆ. ಆದರೆ ನಾನು ಕೂತು ನೋಡುತ್ತಿದ್ದ ಪ್ರತಿ ಪುಟದ ಮುಂದೆಯೂ ಒಂದು ಕಾಣದ ಸಾಲು ನಿಂತಿರುತ್ತದೆಂದು ನನಗೆ ಹೊಳೆದಿರಲೇ ಇಲ್ಲ. ಅಷ್ಟು ಉದ್ದದ ಸಾಲು ನಮ್ಮ ಹಾಲ್‌ನಲ್ಲಿ, ಟಿವಿಗೂ ಶೋಕೇಸಿಗೂ ನಡುವೆ, ಸದ್ದಿಲ್ಲದೆ ಹಾದುಹೋಗುತ್ತಿತ್ತು. ನಾನು ತಿರುಗಿ ಹಿಂದೆ ಕೂಡ ನೋಡಿದೆ, ಜಾಗ ಬಿಡಬೇಕೇನೋ ಎಂಬಂತೆ.

ಅತ್ತೆ ಬಟ್ಟೆಯನ್ನು ಇನ್ನಷ್ಟು ಎತ್ತಿದರು. ತುಳಸಿ, ಸೇವಂತಿಗೆ, ನಡುವೆ ಬೆಳ್ಳಿಯ ಎರಡು ಪಾದ. ಅವರು ಬಹಳ ಹೊತ್ತು ಅಲ್ಲೇ ನಿಂತರು. ಮಂಡಿ ನೋವು ಅನ್ನಲಿಲ್ಲ. ಆಮೇಲೆ ಪಂಚೆ, ಹಾರ, ಮೀಸೆ, ಕಣ್ಣು, ಕಿರೀಟ. ಕೆನ್ನೆ ಬಡಿದುಕೊಂಡು, ತಿರುಗಿ, "ಬೇವುಬೆಲ್ಲ ತಾರೇ" ಎಂದರು. ನಾನು ತಂತಿ ಬಿಡಿಸಿದ ಕ್ಷಣವೇ ಫೋನ್ ಹೊಡೆದುಕೊಂಡಿತು. ಗಿರಿಜವ್ವನ ಅಣ್ಣ. ಎತ್ತಿದವರೇ ಗಿರಿಜವ್ವ, "ಯಣ್ಣಾ, ಗುಡ್ಯಾಗ ಇದ್ದೆ" ಎಂದರು.

ಈಗ ಬ್ರಾಡ್‌ಬ್ಯಾಂಡ್ ಬಂದಿದೆ. ಗಿರಿಜವ್ವನಿಗೆ ಮೊಬೈಲ್ ಬಂದಿದೆ. ಪುಟ ಒತ್ತುವಷ್ಟರಲ್ಲಿ ಸ್ವಾಮಿ ಕಿರೀಟದಿಂದ ಪಾದದವರೆಗೆ ಒಟ್ಟಿಗೇ ಬಂದು ನಿಲ್ಲುತ್ತಾನೆ. ಕಾಯಿಸುವುದೇ ಇಲ್ಲ. ಅತ್ತೆಗೆ ಇದು ಬೇಸರವಾದೀತೆಂದು ನಾನು ಮೊದಲೇ ತೆರೆ ಇಳಿಬಿಟ್ಟು, ಕುಟ್ಟಾಣಿ ಹೇರಿ, ಪಕ್ಕದಿಂದ ಇಣುಕುತ್ತಾ ಹಳೆಯ ಹಾಗೆಯೇ ಹೇಳುತ್ತೇನೆ. ಕಿರೀಟ ಬಂತು ಅತ್ತೆ. ನಾಮ ಬಂತು. ಇನ್ನೂ ಕಿವಿ. ಒಂದೊಂದು ಹಬ್ಬಕ್ಕೆ ಕಿವಿಯ ಹತ್ತಿರ ಸ್ವಲ್ಪ ಜಾಸ್ತಿಯೇ ನಿಲ್ಲಿಸುತ್ತೇನೆ. ವಯಸ್ಸಾದವರನ್ನು ನೋಡಿಕೊಳ್ಳುವುದಕ್ಕೂ ಒಂದು ಕಲೆ ಬೇಕು, ಅದು ನನ್ನಲ್ಲಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಮೊನ್ನೆ ಯುಗಾದಿಗೆ ಇದನ್ನು ಯಜಮಾನರ ಹತ್ತಿರ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದೆ. ಹಾಲ್‌ನಿಂದ ಅತ್ತೆಯ ದನಿ ಬಂತು.

"ಆ ರವಿಕೆ ಕಣ ಒಗೆದು ಒಗೆದು ಜಾಳಾಗಿ ಎಷ್ಟು ವರ್ಷ ಆಯ್ತೇ ಶಾರದಾ. ಅದರ ಹಿಂದೆ ಸ್ವಾಮಿ ಬಂದು ನಿಂತಿರೋದು ನಂಗೆ ಚೆನ್ನಾಗೇ ಕಾಣುತ್ತೆ. ನಿಂಗೆ ಹೇಳೋದ್ರಲ್ಲಿ ಅಷ್ಟು ಖುಷಿ ಇದೆಯಲ್ಲ ಅಂತ ಪಾದ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸ್ದೆ ಸುಮ್ನೆ ಕೂತಿರ್ತೀನಿ. ಕಿವಿ ಹತ್ರ ಮಾತ್ರ ಸ್ವಲ್ಪ ಬೇಗ ಮುಗಿಸು, ನಂಗೂ ಹಸಿವಾಗುತ್ತೆ."