ದುಂಡು ತಟ್ಟೆಯ ಪೂರ್ವ ದಿಕ್ಕು

ಕಾಂತಿ ಮೇಡಂ ಮೊಬೈಲಿಗೆ ದಿಕ್ಸೂಚಿಯ ಆ್ಯಪ್ ಹಾಕಿಸಿಕೊಂಡದ್ದೇ ಎಲ್ಲಕ್ಕೂ ಮೂಲ. ಅವರು ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರ ವಿಭಾಗದ ಮುಖ್ಯಸ್ಥೆ. ಆ್ಯಪ್ ಬಂದ ವಾರದಲ್ಲೇ ಕಪಾಟು, ಫ್ರಿಜ್ಜು, ಕೊನೆಗೆ ಮೂಲೆಯ ಅಸ್ಥಿಪಂಜರ ಕೂಡ ಪೂರ್ವಕ್ಕೆ ತಿರುಗಿ ನಿಂತವು. ಉಳಿದದ್ದು ಶೋಧನ್‌ನ ಮೈಕ್ರೋಸ್ಕೋಪು ಮಾತ್ರ. ಅದೊಂದನ್ನಾದರೂ ಅವರು ಬಿಡಬಹುದಿತ್ತು, ಬಿಡಲಿಲ್ಲ.

ಶೋಧನ್ ಅಲ್ಲಿ ತಾತ್ಕಾಲಿಕ ಉಪನ್ಯಾಸಕ. ನರಿಕೊಂಬಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ಹಿಂದೆ ಬಿದ್ದು ಅವನಿಗೆ ಆರು ವರ್ಷ. ಕಾಳುಮೆಣಸಿನಂತೆ ದುಂಡಗಿರುವ ಕೋಶ ತಾನು ಯಾವ ಕಡೆಗೆ ಬೆಳೆಯಬೇಕೆಂದು ಹೇಗೆ ತೀರ್ಮಾನಿಸುತ್ತದೆ ಎಂಬುದೇ ಅವನ ಪಿಎಚ್‌ಡಿ. ಯೀಸ್ಟಿನಲ್ಲಿ ಎರಡು ಬಗೆ. ಒಂದು ಸೂಸುವ ಗಂಧ ಇನ್ನೊಂದಕ್ಕೆ ತಾಗಿದರೆ ಸಾಕು, ಅದು ಆ ಕಡೆಗೇ ಕೊಕ್ಕು ಚಾಚಿ ಬೆಳೆಯುತ್ತದೆ. ಗಂಧವಿಲ್ಲದಿದ್ದರೆ ಹಿಂದೆ ಮರಿಕೋಶದ ಮೊಗ್ಗು ಬಿಟ್ಟ ಗಾಯದ ಪಕ್ಕದಲ್ಲೇ ಮತ್ತೊಂದು ಮೊಗ್ಗು ಬಿಟ್ಟುಕೊಂಡು ಸುಮ್ಮನಿರುತ್ತದೆ.

ಅಂದು ಸಂಜೆ ಮಂಗಳೂರಿನಿಂದ ಅವನ ಮಾರ್ಗದರ್ಶಕ ಪ್ರೊಫೆಸರ್ ಶಾಹುಲ್ ಹಮೀದ್ ಬರುವವರಿದ್ದರು. ಕೋಶಗಳು ಗಂಧದತ್ತ ತಿರುಗುವುದನ್ನು ಕಣ್ಣಾರೆ ಕಂಡು ಥೀಸಿಸ್ಸಿಗೆ ಸಹಿ ಹಾಕುತ್ತೇನೆ ಎಂದಿದ್ದರು. ಸಹಿ ಬಿದ್ದರೆ ಥೀಸಿಸ್ ಸಲ್ಲಿಕೆ, ಸಲ್ಲಿಕೆಯಾದರೆ ಕೆಲಸ ಖಾಯಂ. ಈ ತಿಂಗಳೊಳಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಆಡಳಿತ ಮಂಡಳಿ ಬಾಯಿಬಿಟ್ಟು ಹೇಳಿಯಾಗಿತ್ತು.

ಬೆಳಿಗ್ಗೆ ಅವನು ಗಾಜಿನ ತಟ್ಟೆಯಲ್ಲಿ ಕೋಶಗಳನ್ನು ಹರಡಿ, ಎಡ ಅಂಚಿಗೆ ಆ ಯೀಸ್ಟ್ ಗಂಧದ ದ್ರಾವಣದ ಒಂದು ತೊಟ್ಟು ಇಟ್ಟು, ಅದನ್ನು ಮೈಕ್ರೋಸ್ಕೋಪಿನ ಕೆಳಗಿರಿಸಿದ. ಎಡಕ್ಕೆ ಇಟ್ಟಿದ್ದೇನೆ ಎಂದು ಪ್ರೊಫೆಸರರಿಗೆ ಮೆಸೇಜೂ ಕಳಿಸಿದ. ಆಮೇಲೆ ಪಾಠಕ್ಕೆ ಹೋದ.

ಮರುದಿನದಿಂದ ದಸರಾ ರಜೆ. ಹಾಗಾಗಿ ಪ್ರಯೋಗಾಲಯದ ಆಯುಧ ಪೂಜೆ ಅವತ್ತೇ. ಪಾಠ ಮುಗಿಸಿ ಬಂದ ಶೋಧನ್ ಬಾಗಿಲಲ್ಲೇ ನಿಂತುಬಿಟ್ಟ. ಮೈಕ್ರೋಸ್ಕೋಪು ಪೂರ್ವಕ್ಕೆ ತಿರುಗಿತ್ತು. ಅದರ ಕತ್ತಿಗೆ ಸೇವಂತಿಗೆ ಮಾಲೆ, ಹಣೆಗೆ ಕುಂಕುಮ, ಎದುರಿಗೆ ಒಡೆದ ತೆಂಗಿನಕಾಯಿ.

"ನನ್ನ ತಟ್ಟೆ ಮುಟ್ಟಿದ್ದೀರಾ ಮೇಡಂ?"

"ದೇವರಾಣೆ ಇಲ್ಲ ಮಾರಾಯ. ನಾನು ಕುಂಕುಮ ಮಾತ್ರ ಹಚ್ಚಿದ್ದು," ಎಂದರು ಕಾಂತಿ ಮೇಡಂ. ಪೂರ್ವಕ್ಕೆ ಮುಖ ಮಾಡಿದ ಯಂತ್ರ ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದರು. ಅವರು ಹೇಳಿದ್ದು ನಿಜವೇ. ತಟ್ಟೆಯನ್ನು ಅವರು ಮುಟ್ಟಿರಲಿಲ್ಲ.

ಶೋಧನ್ ಮೈಕ್ರೋಸ್ಕೋಪಿಗೆ ಜೋಡಿಸಿದ್ದ ಪರದೆ ನೋಡಿದ. ಒಂದು ಬಿಡದೆ ಎಲ್ಲ ಕೋಶಗಳೂ ಬಲಕ್ಕೆ ಕೊಕ್ಕು ಚಾಚಿದ್ದವು. ಗಂಧ ಎಡಕ್ಕೆ, ಬೆಳವಣಿಗೆ ಬಲಕ್ಕೆ ಎಂದರೆ ಆರು ವರ್ಷ ಬರೆದದ್ದೆಲ್ಲ ತಲೆಕೆಳಗು. ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಬಸ್ಸು ತಪ್ಪಿ, ಮುಂದಿನದರಲ್ಲಿ ತಡವಾಗಿ ಬಂದ ಗಡಿಬಿಡಿಯಲ್ಲಿ ತಾನೇ ಎಡ ಬಲ ತಪ್ಪಿದೆನೋ ಎಂದು ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಮೆಸೇಜು ಬೇರೆ ಹೋಗಿದೆ. ಯೋಚಿಸಲು ಬಿಡುವೆಲ್ಲಿ? ಪಕ್ಕದ ವಿಭಾಗದವರೆಲ್ಲ ಬಂದು ಪಂಚಕಜ್ಜಾಯ ಮೆಲ್ಲುತ್ತಾ ಸಹಿ ಆಯಿತಾ, ಪಾರ್ಟಿ ಯಾವಾಗ ಎಂದು ಕೇಳುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು, ಪರದೆಯಲ್ಲಿ ಎಡವೆಂದು ಕಂಡ ಅಂಚಿಗೆ ಇನ್ನೊಂದು ದಪ್ಪ ತೊಟ್ಟು ಇಟ್ಟ.

ಸಂಜೆ ಮತ್ತೆ ನೋಡುವಾಗ ಪರದೆಯಲ್ಲಿ ಸಂತೆ ನೆರೆದಿತ್ತು. ಕೆಲವು ಕೋಶಗಳು ಬಲದ ಕೊಕ್ಕನ್ನು ಅರ್ಧಕ್ಕೇ ಬಿಟ್ಟು ಎಡಕ್ಕೊಂದು ಹೊಸ ಕೊಕ್ಕು ಹೊರಡಿಸಿದ್ದವು. ಕೆಲವಕ್ಕೆ ಎರಡೂ ಬೇಡವಾಗಿ ಹಳೆಯ ಗಾಯದ ಪಕ್ಕದಲ್ಲೇ ಏನೋ ಉಬ್ಬುತ್ತಿತ್ತು. ಅಷ್ಟರಲ್ಲಿ ಅಂಗಳಕ್ಕೆ ಶಾಹುಲ್ ಹಮೀದರ ಕಾರು ಬಂತು.

ಅವರು ಮಾಲೆ ಸರಿಸಿ ಪರದೆ ನೋಡಿದರು. ಶೋಧನ್ ಇನ್ನು ಮುಚ್ಚಿಡುವುದು ಬೇಡವೆಂದು ಎರಡನೆಯ ತೊಟ್ಟಿನ ಕತೆಯನ್ನೆಲ್ಲ ಹೇಳಿಬಿಟ್ಟ. ಮೊದಲ ತೊಟ್ಟು ಎಡಕ್ಕಿಟ್ಟರೂ ಕೋಶಗಳು ಬಲಕ್ಕೆ ಹೇಗೆ ಬೆಳೆದವೆಂದು ತನಗೇ ತಿಳಿಯದು ಎಂದ.

ಆಗ ಬಾಳೆಎಲೆ ಹೆಕ್ಕುತ್ತಿದ್ದ ಅಟೆಂಡರ್ ಶೇಖರ ತಲೆ ಎತ್ತಿದ. "ಮೈಕ್ರೋಸ್ಕೋಪು ತಿರುಗಿಸುವಾಗ ತಟ್ಟೆ ಬೀಳುವುದು ಬೇಡ ಅಂತ ನಾನು ತೆಗೆದಿಟ್ಟು ಮತ್ತೆ ಇಟ್ಟೆ ಸರ್. ಅದು ದುಂಡಗೆ ಉಂಟಲ್ಲ, ಹೇಗೆ ಇಟ್ಟರೂ ಒಂದೇ ಅಲ್ವಾ?"

ದುಂಡಗಿರುವುದಕ್ಕೂ ದಿಕ್ಕು ಉಂಟೆಂದು ಸಾಬೀತು ಮಾಡಲಿಕ್ಕೇ ಶೋಧನ್‌ನ ಆರು ವರ್ಷ ಹೋಗಿತ್ತು. ತೊಟ್ಟೂ ಸರಿಯಿತ್ತು, ಕೋಶಗಳೂ ಸರಿಯಿದ್ದವು, ತಟ್ಟೆ ಮಾತ್ರ ತಿರುಗಿತ್ತು. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಸಹಿ ಬೀಳುತ್ತಿತ್ತಲ್ಲ.

ಆದರೆ ಶಾಹುಲ್ ಹಮೀದರ ಮುಖ ಅರಳಿತ್ತು. "ಗಂಧದ ಕಡೆಗೆ ಬೆಳೆಯುವುದು ಎಲ್ಲರಿಗೂ ಗೊತ್ತುಂಟು ಶೋಧನ್. ಅರ್ಧ ದಾರಿಯಲ್ಲಿ ಕೋಶ ಮನಸ್ಸು ಹೇಗೆ ಬದಲಿಸ್ತದೆ, ಅದನ್ನು ನೋಡುವ. ಇದೇ ನಿಮ್ಮ ನಿಜವಾದ ಥೀಸಿಸ್."

"ಹಾಗಾದರೆ ಸಹಿ ಸರ್?"

ಇಂಥದ್ದನ್ನು ಕೈಬಿಟ್ಟು ಹಳೆಯದಕ್ಕೆ ಸಹಿ ಹಾಕಿದರೆ ತನಗೇ ನಾಚಿಕೆ ಎಂದರು ಪ್ರೊಫೆಸರರು. ಹೆಚ್ಚೆಂದರೆ ಇನ್ನೆರಡು ವರ್ಷ ಎಂದರು. ಖಾಯಂ ಕೆಲಸದ ಮಾತು ಎತ್ತಿದಾಗ ಮಂಡಳಿಗೆ ತಾವೇ ಫೋನ್ ಮಾಡಿ, ಶೋಧನ್ ಇನ್ನೆರಡು ವರ್ಷ ತಾತ್ಕಾಲಿಕವಾಗಿಯೇ ಇರಲು ಒಪ್ಪಿಗೆ ತೆಗೆದುಕೊಟ್ಟರು. ಅದು ದೊಡ್ಡ ಉಪಕಾರವೆಂದು ಕಾಂತಿ ಮೇಡಂ ಅವರಿಗೆ ಇನ್ನಷ್ಟು ಪಂಚಕಜ್ಜಾಯ ಬಡಿಸಿದರು. ಎಲ್ಲವೂ ಪೂರ್ವ ದಿಕ್ಕಿನ ಮಹಿಮೆ ಎನ್ನಲು ಅವರು ಮರೆಯಲಿಲ್ಲ.

ಕಾರು ಹತ್ತುವ ಮೊದಲು ಪ್ರೊಫೆಸರರು ಒಂದು ಷರತ್ತು ಹಾಕಿದರು. ಗಂಧ ಯಾವ ಕಡೆಗಿದೆಯೆಂದು ನೋಡುವವನಿಗೆ ಮೊದಲೇ ತಿಳಿದಿದ್ದರೆ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಇನ್ನು ಮೇಲೆ ತಟ್ಟೆಯನ್ನು ಬೇರೆಯವರು ತಿರುಗಿಸಿಡಬೇಕು, ಯಾವ ಕಡೆಗೆ ತಿರುಗಿಸಿದ್ದೆಂದು ಶೋಧನ್‌ಗೆ ಹೇಳಕೂಡದು. ಅದಕ್ಕೆ ಶೇಖರನಿಗಿಂತ ಒಳ್ಳೆಯ ಜನ ಸಿಗುವುದಿಲ್ಲ ಎಂದು ಅವನ ಬೆನ್ನು ತಟ್ಟಿದರು.

ಕಾರು ಗೇಟು ದಾಟಿತು. ಶೇಖರ ಕೈ ತೊಳೆದು, ಒರೆಸಿಕೊಂಡು, ಬಹಳ ಗಂಭೀರವಾಗಿ ಬಾಗಿಲ ಬಳಿಗೆ ಬಂದ.

"ಸರ್, ನೀವು ಸ್ವಲ್ಪ ಹೊರಗೆ ನಿಲ್ತೀರಾ?" ಎಂದ.