ಮೂರ್ತಿ ಒಂದೇ ಬೇಕಿತ್ತು

ಕ್ಯಾಮೆರಾ ಹೆಗಲಿಗೇರಿಸಿ ಮನೆಯಿಂದ ಹೊರಬಿದ್ದರೆ ಸಾಕು, ಇಂಥ ಪ್ರಸಂಗಗಳು ನನ್ನ ಕಾಲಿಗೆ ತೊಡರುತ್ತವೆ. ಹುಬ್ಬಳ್ಳಿ-ಧಾರವಾಡಕ್ಕೆ ರಾಜಧಾನಿಯ ಪಟ್ಟ ಸಿಗಲಿಲ್ಲ, ನಿಜ. ಆದರೆ ಮೂರ್ತಿಗಳ ವಿಷಯದಲ್ಲಿ ನಾವು ಯಾವ ರಾಜಧಾನಿಗೂ ಸೋಲುವವರಲ್ಲ.

ನಾನು ಮದುವೆ ಫೋಟೋ ತೆಗೆಯುವವನು. ನನ್ನದೊಂದು ಫೋಟೋ ಯಾರದೋ ಆಲ್ಬಮ್ಮಿನಲ್ಲಲ್ಲ, ಪ್ರದರ್ಶನದ ಗೋಡೆಯ ಮೇಲೆ ತೂಗಬೇಕೆಂಬುದು ಬಹುದಿನದ ಹುಚ್ಚು. ಧಾರವಾಡದ ಪ್ರದರ್ಶನವೊಂದಕ್ಕೆ ಊರಿನ ಮೂರ್ತಿಗಳ ಫೋಟೋ ಕೇಳಿದ್ದರು. ಷರತ್ತು ಒಂದೇ, ಚಿತ್ರದಲ್ಲಿ ಜೀವಂತ ಮನುಷ್ಯರು ಇರಕೂಡದು. ಕಳಿಸಲು ಅಂದು ಸಂಜೆಯೇ ಕೊನೆ. ಮಧ್ಯಾಹ್ನದ ಬಿಸಿಲಿಗೆ ಯಾರು ಹೊರಗಿರುತ್ತಾರೆ ಎಂದುಕೊಂಡು ಊಟ ಮುಗಿಸಿ ಹೊರಟೆ. ನನ್ನ ಊರನ್ನು ನಾನೇ ಮರೆತಿದ್ದೆ.

ಮೊದಲು ನಮ್ಮದು

ಕಮರಿಪೇಟೆ ದಾಟಿದ ಮೇಲೆ ಒಂದು ಸರ್ಕಲ್ಲಿನಲ್ಲಿ ಕುದುರೆಯೇರಿದ ವೀರರೊಬ್ಬರ ಮೂರ್ತಿ. ನಾನು ಫೋಕಸ್ ಮಾಡುವಷ್ಟರಲ್ಲಿ, ಹತ್ತಿ ಮಾರಲು ಬಂದಿದ್ದ ಇಬ್ಬರು ಗೌಡರು ಕುದುರೆಯ ಕೆಳಗೆ ನಿಂತು ರುಮಾಲು ಸರಿಮಾಡಿಕೊಂಡರು. ಸ್ವಲ್ಪ ಬದಿಗೆ ಸರಿಯಿರಿ, ಮೂರ್ತಿ ಒಂದೇ ಬೇಕು ಎಂದೆ. ಅವರಿಗೆ ಇದು ತೀರಾ ಅನ್ಯಾಯವೆನಿಸಿತು.

"ಮೂರ್ತಿ ಎಲ್ಲಿ ಹೋಗ್ತೈತ್ರಿ ಫೋಟೋದವ್ರ? ಅದನ್ನ ನಾಳಿ ತಗೀರಿ. ನಾವು ಈಗಿನ ಬಸ್ಸಿಗೆ ಹೊಂಟವ್ರು."

ಜಳಕದ ಹೊತ್ತು

ಮುಂದಿನ ಚೌಕದಲ್ಲಿ ಹಿಂದಿನ ಕಾಲದ ಹಿರಿಯರೊಬ್ಬರ ಮೂರ್ತಿ. ಮರುದಿನ ಜಯಂತಿ ಇತ್ತು. ಒಬ್ಬಾತ ಏಣಿ ಹತ್ತಿ ಸೋಪು ಹಚ್ಚಿ ತಿಕ್ಕುತ್ತಿದ್ದ. ಎರಡು ನಿಮಿಷ ಇಳಿದರೆ ಒಂದು ಫೋಟೋ ತೆಗೆದುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಆತ ಹೆಗಲ ಮೇಲಿನ ಟವೆಲ್ ತೆಗೆದು ಮೂರ್ತಿಗೆ ಅಡ್ಡ ಹಿಡಿದ.

"ಹಿರ್ಯಾರು ಜಳಕ ಮಾಡಾಕತ್ತಾರ್ರಿ. ಇಂಥಾ ಹೊತ್ತಿನ್ಯಾಗ ಯಾರರೆ ಫೋಟೋ ತಗೀತಾರೇನ್ರಿ?"

ನನಗೂ ನಾಚಿಕೆಯಾಗಿ ಬೆನ್ನು ತಿರುಗಿಸಿ ನಿಂತೆ.

ಒಳಗೆ ಯಾರು

ನವನಗರ ಮುಟ್ಟುವಾಗ ಬಿಸಿಲು ಇಳಿದಿತ್ತು, ನನ್ನ ಆಸೆಯೂ ಇಳಿದಿತ್ತು. ಅಲ್ಲೊಂದು ಹೊಸ ಮೂರ್ತಿ. ಅನಾವರಣಕ್ಕೆ ದೊಡ್ಡವರ ತಾರೀಖು ಸಿಗದೆ, ತಲೆಯಿಂದ ಕಾಲಿನವರೆಗೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಸುತ್ತಿ ಹಗ್ಗ ಬಿಗಿದಿದ್ದರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಇದೇ ಸರಿ ಎಂದು ತೆಗೆದೆ. ಆಮೇಲೆ ದೂರದ ಮರದಡಿಯಿಂದ ಎದ್ದು ಬಂದ ಕಾವಲುಗಾರನನ್ನು ಇದು ಯಾರ ಮೂರ್ತಿ ಎಂದು ಕೇಳಿದೆ.

"ಯಾರಿಗ್ಗೊತ್ತರಿ. ಮುಂಜಾನೆ ಬರೋರು ಒಂದು ಹೆಸರು ಹೇಳ್ತಾರ, ಸಂಜಿಗೆ ಬರೋರು ಇನ್ನೊಂದು. ಎಲ್ಲಾರೂ ಕೈ ಮುಗದು ಹೋಗ್ತಾರ. ಬಟ್ಟಿ ಬಿಚ್ಚೂಮಟಾ ಊರು ತಣ್ಣಗೈತಿ, ಇರಲಿ ಬಿಡ್ರಿ."

ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದೆ.

ಪ್ರದರ್ಶನದಲ್ಲಿ

ಆಯ್ಕೆಯಾಗಿಬಿಟ್ಟಿತು! ಕೆಳಗೆ ಬರೀ 'ನವನಗರ' ಎಂದು ಬರೆದು ಗೋಡೆಗೆ ತೂಗುಹಾಕಿದ್ದರು. ಹೆಂಡತಿ ಇಳಕಲ್ ಸೀರೆಯುಟ್ಟು, ಬಂದವರಿಗೆಲ್ಲ ಇದು ನಮ್ಮವರದು ಎನ್ನುತ್ತಿದ್ದಳು. ನನ್ನ ಜೀವ ಮಾತ್ರ ಕೈಯಲ್ಲಿತ್ತು. ಯಾರಾದರೂ ಒಳಗೆ ಯಾರು ಎಂದು ಕೇಳಿದರೆ ಮಾನ ಹೋಗುವುದು ನನ್ನದೇ ತಾನೆ?

ಮುಖ್ಯ ಅತಿಥಿಗಳು ಹಿರಿಯರು, ಊರಿನ ಎಲ್ಲ ದೊಡ್ಡವರೂ ತಮಗೆ ಆಪ್ತರೆಂದು ಹೇಳಿಕೊಳ್ಳುವವರು. ಒಂದೊಂದೇ ಫೋಟೋ ನೋಡುತ್ತ ನನ್ನದರ ಮುಂದೆ ನಿಂತರು. ಚಪ್ಪಲಿ ಕಳೆದರು. ತಾಡಪತ್ರಿಗೆ ಕೈ ಮುಗಿದು, ಕಣ್ಣು ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು.

"ಇವರು ನಮ್ಮ ಮನಿಗೆ ಊಟಕ್ಕ ಬರತಿದ್ರು. ಫೋಟೋ ಭಾಳ ಮಂದಿ ತಗದಾರ ತಮ್ಮಾ, ಆದ್ರ ಆ ಮುಖದ ಕಳಾ ಇಷ್ಟು ಛಲೋ ಯಾರೂ ಹಿಡದಿದ್ದಿಲ್ಲ."