ಚಂದ್ರಿಕೆ ಮ್ಯೂಸಿಯಂ ಸೇರಿದ ವಾರ

ಮದುವೆಗೆ ಮುಂಚೆ ನಾನು ಕೆಂಪು ರೇಷ್ಮೆಯನ್ನು ಕೆಂಪು ಹುಳವೂ ಹಸಿರು ರೇಷ್ಮೆಯನ್ನು ಹಸಿರು ಹುಳವೂ ಕೊಡುತ್ತದೆ ಎಂದೇ ನಂಬಿದ್ದೆ. ಜರಿ ಅಂಚು ಯಾವ ಹುಳದ್ದು ಎಂಬುದೊಂದೇ ಬಗೆಹರಿದಿರಲಿಲ್ಲ! ಗೌರಿಬಿದನೂರಿನ ಕಡಲೆಕಾಯಿ ಬೆಳೆಯುವ ಮನೆಯವನಾದ ನನಗೆ ಕೆಂಚಾರ್ಲಹಳ್ಳಿಯ ರೇಷ್ಮೆ ಮನೆಯ ಹೆಣ್ಣು ಗಂಟುಬಿದ್ದಿದ್ದಳು.

ಇಂಥ ಪಂಡಿತನಿಗೆ ಚಿಕ್ಕಬಳ್ಳಾಪುರದ ಪುಟ್ಟ ಮ್ಯೂಸಿಯಂನಲ್ಲಿ ಸಹಾಯಕನ ಕೆಲಸ. ಸೋಮವಾರ ರಜೆ. ಅಂದು ಹಳ್ಳಿ ಸುತ್ತಿ ಹಳೇ ಸಾಮಾನು ಹುಡುಕುವುದು ನನ್ನ ಹವ್ಯಾಸ.

"ಡ್ಯೂಟಿ ಆಯ್ತು, ಹುಚ್ಚು ಆಯ್ತು. ನಮ್ಮಮ್ಮನ ಮನೆಗೆ ಯಾವಾಗ್ರೀ?" ಎಂದಳು ಹೆಂಡತಿ ಶೈಲಜಾ.

"ಈ ಸೋಮವಾರ ನೋಡ್ತಿರು ಕಣೇ! ನೌಕರಿ, ಸಂಸಾರ, ಹವ್ಯಾಸ, ಮೂರನ್ನೂ ಒಂದೇ ಬಸ್ ಟಿಕೆಟ್‌ನಲ್ಲಿ ಮುಗಿಸ್ತೀನಿ!"

ಮುಗಿಸಿದೆ! ನಾವು ಕೆಂಚಾರ್ಲಹಳ್ಳಿ ತಲುಪಿದಾಗ ಅತ್ತೆ ಸುಬ್ಬಲಕ್ಷ್ಮಮ್ಮ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದರು. ಕೊಟ್ಟಿಗೆಯ ಗೋಡೆಗೆ ನಾಲ್ಕು ಬಿದಿರಿನ ಚಂದ್ರಿಕೆ ಒರಗಿದ್ದವು. ರೇಷ್ಮೆಹುಳ ಗೂಡು ಕಟ್ಟುವುದು ಅದರ ಮೇಲೆಯೇ.

"ಅಮ್ಮನ್ನ ಒಂದ್ಮಾತು ಕೇಳ್ರೀ."

"ಜೇಡರ ಬಲೆ ಕಟ್ಟಿದೆ. ಇನ್ಯಾರು ಬಳಸ್ತಾರೆ? ಪ್ಲಾಸ್ಟಿಕ್ ಕಾಲ ಕಣೇ ಇದು!"

ಅತ್ತೆಗೆ ಹೇಳದೆಯೇ ಬಸ್ಸಿನ ಟಾಪೇರಿದ ಚಂದ್ರಿಕೆಗಳು ಮಂಗಳವಾರ ರಿಜಿಸ್ಟರಿಗೂ ಏರಿದವು. "ನಶಿಸಿದ ಗ್ರಾಮೀಣ ಸಾಧನ" ಎಂದು ದುಂಡಗೆ ಚೀಟಿ ಬರೆದು ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನನ್ನ ಅಕ್ಷರವನ್ನು ನಾನೇ ಮೆಚ್ಚಿಕೊಂಡೆ.

ಗುರುವಾರ ಬೆಳಿಗ್ಗೆ ಆಫೀಸಿಗೆ ಶೈಲಜಾಳ ಫೋನು.

"ಅಮ್ಮ ಫೋನ್ ಮಾಡಿದ್ರು, ಹುಳ ಹಣ್ಣಾಗಿ ಗೂಡು ಕಟ್ಟೋಕೆ ನಿಂತಿದೆಯಂತೆ! ಇರೋ ಚಂದ್ರಿಕೆ ಎಲ್ಲಾ ತುಂಬಿ ನಾಲ್ಕು ತಟ್ಟೆ ಹುಳ ಮಿಕ್ಕಿದೆ. ಊರಲ್ಲಿ ಎಲ್ಲರ ಮನೇಲೂ ಹಣ್ಣು, ಯಾರೂ ಚಂದ್ರಿಕೆ ಕೊಡಲ್ಲ. ಸಂಜೆಯೊಳಗೆ ಹತ್ತಿಸದಿದ್ರೆ ಬೆಳೆ ಹಾಳು. ಆ ನಾಲ್ಕನ್ನೂ ಈಗ್ಲೇ ತಗೊಂಡ್ಹೋಗಿ ಕೊಡಿ!"

ಮೇಲಧಿಕಾರಿ ಚನ್ನಕೇಶವ ಅವರ ಮುಂದೆ ಕೈಕಟ್ಟಿ ನಿಂತೆ.

"ರಿಜಿಸ್ಟರ್ ಹತ್ತಿದ್ದು ಇಳೀಬೇಕಾದ್ರೆ ಬೆಂಗಳೂರಿಂದ ಆರ್ಡರ್ ಬರ್ಬೇಕು ಕಣಯ್ಯ. ಎರಡು ವರ್ಷ ಆಗ್ಬಹುದು. ಹುಳಕ್ಕೆ ಸ್ವಲ್ಪ ಕಾಯೋಕ್ಕೆ ಹೇಳು."

ಹುಳ ಕಾಯಲಿಲ್ಲ. ಮಧ್ಯಾಹ್ನ ಲಗೇಜ್ ಆಟೋದಲ್ಲಿ ಬಂದೇಬಿಟ್ಟಿತು, ಜೊತೆಗೆ ಅತ್ತೆ!

"ಏಮಪ್ಪಾ ಅಳಿಯಂದ್ರೇ, ಚಂದ್ರಿಕೆ ಬರಲ್ಲ ಅಂದ್ರಂತೆ. ಅದಕ್ಕೆ ಇವನ್ನೇ ಕರ್ಕೊಂಡ್ಬಂದೆ."

ಬೈಗುಳವಿಲ್ಲ, ಕೂಗಾಟವಿಲ್ಲ. ಆ ಶಾಂತಿಗೇ ಹೆದರಿ ನಾನು ಆಟೋದಿಂದ ಹುಳದ ತಟ್ಟೆ ಇಳಿಸತೊಡಗಿದೆ. ಚನ್ನಕೇಶವ ನಿಯಮಾವಳಿ ತಿರುವಿಹಾಕಿದರು. ವಸ್ತು ಹೊರಹೋಗಬಾರದು ಎಂದಿತ್ತು. ಹುಳ ಒಳಬರಬಾರದು ಎಂದು ಎಲ್ಲೂ ಇರಲಿಲ್ಲ!

ಅಲ್ಲಿಂದ ಮ್ಯೂಸಿಯಂ ಅತ್ತೆಯ ಕೈಗೆ ಹೋಯಿತು. "ಫಿನಾಯಿಲ್ ಹಾಕ್ಬೇಡಿ. ಆ ನುಸಿಗುಳಿಗೆ ತೆಗೀರಿ. ಬೀಡಿ ಸೇದೋರು ಗೇಟಿನಾಚೆ!" ಹುಳಗಳು ಚಂದ್ರಿಕೆ ಹತ್ತಿದವು. ದಾರಿ ತಪ್ಪಿದ ಒಂದು ಹುಳ ಪಕ್ಕದ ವೀರಗಲ್ಲೇರಿ, ವೀರನ ಮೀಸೆಯ ಮೇಲೆ ಗೂಡು ಕಟ್ಟಿತು. ದಿನಕ್ಕೆ ನಾಲ್ಕು ಜನ ಬರುತ್ತಿದ್ದಲ್ಲಿ ಭಾನುವಾರ ಇನ್ನೂರು! ಅತ್ತೆ ಸ್ಟೂಲ್ ಮೇಲೆ ಕುಳಿತು ವಿವರಿಸುತ್ತಿದ್ದರು, ನಾನು ಅವರಿಗೆ ಕಾಫಿ ತರುತ್ತಿದ್ದೆ.

ಮರುಮಂಗಳವಾರ ಗೂಡು ಬಿಡಿಸಿದರು. ಒಂದೂ ಕೆಟ್ಟಿರಲಿಲ್ಲ. ಬೆಳೆ ಉಳಿಯಿತು, ನನ್ನ ಜೀವವೂ ಉಳಿಯಿತು. ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟ ಅತ್ತೆಗೆ ಚನ್ನಕೇಶವ ಖುದ್ದು ಮೂಟೆ ಎತ್ತಿಕೊಟ್ಟರು. ಆಮೇಲೆ, ನಾನು ಪಕ್ಕದಲ್ಲೇ ಇದ್ದೇನೆ ಎಂಬುದನ್ನೂ ಲೆಕ್ಕಿಸದೆ ಕೇಳಿಯೇಬಿಟ್ಟರು:

"ಇಷ್ಟು ತಿಳಿದಿರೋ ನೀವು, ಏನ್ ನೋಡಿ ಇವನಿಗೆ ಹೆಣ್ಣು ಕೊಟ್ರಮ್ಮಾ?"

ಅತ್ತೆ ಸೆರಗು ಸಿಕ್ಕಿಸಿಕೊಂಡರು.

"ಹುಡುಗ ಗೌರ್ಮೆಂಟ್ ಕೆಲಸದಲ್ಲಿದಾನೆ ಅಂದ್ರು ಸಾರ್. ಕೆಲಸ ಬರ್ತದಾ ಅಂತ ಕೇಳೋದು ಮರ್ತೋದ್ವಿ."